ಎಡಗಡೆ ಸ್ಟಿಯರಿಂಗಿನ ದೊಡ್ಡಮ್ಮ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಚಿತ್ರದುರ್ಗದ ನಮ್ಮ ಮನೆಯ ಪಕ್ಕದ ಶೆಡ್ಡಿನ ಮುಂದೆ ಇದ್ದವರು ನಾಲ್ವರು: ನಾನು, ನನ್ನ ತಮ್ಮನ ಮಗ, ಹಳೆಯ ಕಾರುಗಳನ್ನು ಕೊಂಡು ಕೂಡಿಡುವ ಬೆಂಗಳೂರಿನ ಒಬ್ಬರು, ಮತ್ತು ಅವರ ಜೊತೆಗೆ ಬಂದಿದ್ದ ಅವರ ಗೆಳೆಯ. ಬೆಂಗಳೂರಿನವರು ಆರೂಮುಕ್ಕಾಲಿಗೇ ಬಂದು ಗೇಟಿನ ಹೊರಗೆ ನಿಂತಿದ್ದರು. ಏಳಕ್ಕೆ ಎಂದು ಹೇಳಿದ್ದೆ, ಏಳಕ್ಕೇ ಗೇಟು ತೆಗೆದೆ.

ಶೆಡ್ಡಿನ ಕದ ಸರಿಸಿ, ಕಾರಿನ ಮೇಲಿನ ಹೊದಿಕೆ ಎಳೆದು, ಎಡಗಡೆಯ ಬಾಗಿಲು ತೆಗೆದೆ. ಆ ವಾಸನೆ ಬಂತು. ಹಳೆಯ ರೆಕ್ಸಿನ್, ಪೆಟ್ರೋಲು, ಇಲಿ ಸೇರದಿರಲೆಂದು ಸೀಟಿನ ಕೆಳಗೆ ಹಾಕುವ ಬೇವಿನ ಸೊಪ್ಪು, ಎಲ್ಲದರ ಮೇಲೆ ತೆಳ್ಳಗೆ ವಿಭೂತಿ. ನನಗೆ ಅದು ಹೊಸದಲ್ಲ. ಪ್ರತಿ ಭಾನುವಾರ ಇದೇ ಹೊತ್ತಿಗೆ ಬಾಗಿಲು ತೆಗೆದು, ಎಂಜಿನ್ ಶುರು ಮಾಡಿ, ಕಾಲು ಗಂಟೆ ಬಿಟ್ಟು ಆರಿಸುತ್ತೇನೆ. ಆದರೆ ಅಂದು ನನ್ನ ಹಿಂದೆ ಕೊಳ್ಳುವವರು ನಿಂತಿದ್ದರು. ತೀರಿಹೋದ ದೊಡ್ಡಮ್ಮನೇ ಒಳಗಿನಿಂದ ಕತ್ತು ಚಾಚಿ, ಯಾರೇ ಇವರು, ಎಂದು ಕೇಳಿದ ಹಾಗಾಯಿತು...

"ಏನ್ ಮೇಡಂ, ಮೊನ್ನೆ ಮೊನ್ನೆ ಕೊಂಡಿರೋ ಹಾಗೆ ಇಟ್ಟಿದ್ದೀರಲ್ಲ!" ಎಂದರು ಬೆಂಗಳೂರಿನವರು. ಟಾರ್ಚು ಹಿಡಿದು ಮಂಡಿಯೂರಿ ಕಾರಿನ ತಳ ನೋಡಿದರು, ಬಾನೆಟ್ಟು ಎತ್ತಿ ನೋಡಿದರು, ಹೊಳೆಯುವ ಬಂಪರಿನ ಮೇಲೆ ಬೆರಳಾಡಿಸಿದರು. ಕೊನೆಗೆ ಡ್ರೈವರ್ ಸೀಟಿನ ಕೆಳಗೆ ಬೆಳಕು ಬಿಟ್ಟು, "ಇದೇನು, ಪೆಡಲ್ ಮೇಲೆ ಮರದ ತುಂಡು?" ಎಂದರು.

"ಕಾಲು ಎಟುಕಲಿ ಅಂತ ಹಾಕಿಸಿದ್ದು."

"ಯಾರ ಕಾಲು?"

ನಾನು ಹೇಳುವ ಮೊದಲೇ ತಮ್ಮನ ಮಗ ಅಡ್ಡ ಬಂದ. "ಅದು ಆಮೇಲೆ ಸೇರಿಸಿದ್ದು ಸರ್. ಬೋಲ್ಟ್ ಬಿಚ್ಚಿದ್ರೆ ಬರ್ತಾವೆ."

ಆಗ ಗೊತ್ತಾಯಿತು, ಅವನು ಫೋನಿನಲ್ಲಿ ಅವರಿಗೆ ಬೇರೆಯೇ ಕಥೆ ಹೇಳಿದ್ದ. ಇದು ಅಡಿಕೆ ವ್ಯಾಪಾರಿಯಾಗಿದ್ದ ನಮ್ಮ ದೊಡ್ಡಪ್ಪನ ಕಾರು, ಅವರು ಹೋದ ಮೇಲೆ ಯಾರೂ ಮುಟ್ಟದೆ ಶೆಡ್ಡಿನಲ್ಲಿ ಇಟ್ಟಿದ್ದರು ಎಂದು. ಹಳೆಯ ಕಾರುಗಳ ಪ್ರದರ್ಶನದಲ್ಲಿ ಪ್ರತಿ ಕಾರಿನ ಮುಂದೆ ಒಂದು ಬೋರ್ಡು ಇಡುತ್ತಾರಂತೆ, ಯಾರದು, ಹೇಗೆ ಉಳಿಯಿತು ಎಂದು. ಆ ಬೋರ್ಡಿಗೂ ಇದೇ ಕಥೆ ಬರೆಸುವುದಾಗಿ ಅವರು ಖುಷಿಯಿಂದ ಹೇಳಿದರು. "ಒಬ್ಬರೇ ಓನರ್, ಓಡಿಸಿದ್ದೇ ಕಡಿಮೆ. ಇದಕ್ಕಿಂತ ಇನ್ನೇನು ಬೇಕು ಮೇಡಂ?"

"ತಪ್ಪು," ಎಂದೆ. "ಮೊದಲು ಒಂದು ಸುತ್ತು ಹೋಗಿ ಬರೋಣ ಬನ್ನಿ. ಓಡಿಸೋರು ನೀವು, ಬಲಗಡೆ ಕೂರೋದು ನಾನು, ಇವರಿಬ್ಬರೂ ಹಿಂದೆ. ಉಳಿದ ಮಾತು ಆಮೇಲೆ."

ಆ ಕಾರು ನಮ್ಮ ಕಡೆಗೆ ಬಂದದ್ದು ಗಣಿಯಿಂದ. ಹೊಳಲ್ಕೆರೆ ಕಡೆಯ ಗಣಿಯಲ್ಲಿದ್ದ ಪರದೇಶದ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಾರಿದ್ದನ್ನು ದೊಡ್ಡಪ್ಪ ಕೊಂಡರು. ದೊಡ್ಡಪ್ಪನ ಅಡಿಕೆ ಮಳಿಗೆ ಭೀಮಸಮುದ್ರದಲ್ಲಿ. ತಿಳಿ ಹಸಿರು ಬಣ್ಣ, ಮಂಚದಷ್ಟು ಅಗಲದ ಸೀಟು, ಮುಂದುಗಡೆ ಹಲ್ಲು ಕಿರಿದಂತೆ ಹೊಳೆಯುವ ಜಾಲರಿ. ಕಂಪನಿಯ ಹೆಸರನ್ನು ಇಬ್ಬರು ಒಂದೇ ರೀತಿ ಹೇಳುತ್ತಿರಲಿಲ್ಲವಾದ್ದರಿಂದ ಅದು ಎಲ್ಲರ ಬಾಯಲ್ಲಿ ಅಮೆರಿಕ ಗಾಡಿ ಆಯಿತು. ಅಲ್ಲಿಯವರು ರಸ್ತೆಯ ಬಲಗಡೆ ಓಡಾಡುವವರು, ಹಾಗಾಗಿ ಸ್ಟಿಯರಿಂಗು ಎಡಗಡೆ. ನಮ್ಮ ರಸ್ತೆಯಲ್ಲಿ ಅದೇ ಪೇಚು. ಮುಂದೊಂದು ಲಾರಿ ಇದ್ದರೆ ಅದರಾಚೆ ಎದುರಿನಿಂದ ಏನು ಬರುತ್ತಿದೆ ಎಂಬುದು ಎಡಗಡೆ ಕೂತವರಿಗೆ ಕಾಣುವುದೇ ಇಲ್ಲ. ದೊಡ್ಡಪ್ಪ ಒಂದೆರಡು ಸಲ ಕಾರನ್ನು ಹೊಲಕ್ಕೆ ಇಳಿಸಿದರು. ಆಮೇಲೆ ಅದನ್ನು ಮಳಿಗೆಯ ಮುಂದೆ ನಿಲ್ಲಿಸಿ, ಬಂದವರಿಗೆ ತೋರಿಸುವುದಕ್ಕಷ್ಟೇ ಇಟ್ಟುಕೊಂಡರು. ಕೆಲವೇ ವರ್ಷಗಳಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ಶಿವಗಣಾರಾಧನೆ ಮುಗಿದ ಮರುದಿನವೇ ದೊಡ್ಡಮ್ಮನ ಮೈದುನ ಕಾರು ಮಾರುವ ಮಾತೆತ್ತಿದ. ಓಡಿಸುವವರಿಲ್ಲದ ಗಾಡಿ, ಮನೆ ಮುಂದೆ ಯಾಕೆ ಎಂದ. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮಕ್ಕಳಿರಲಿಲ್ಲ. ಆಗ ನಲವತ್ತರ ಆಸುಪಾಸು. ಒಲೆಯ ಮುಂದಿನಿಂದ ಎದ್ದು ಬಂದು, "ಓಡಿಸೋರು ಇಲ್ಲ ಅಂತ ಯಾರಂದ್ರು? ನಾನಿದೀನಲ್ಲ" ಎಂದಳು. ತಮಾಷೆಯೆಂದು ಎಲ್ಲರೂ ನಕ್ಕರಂತೆ. ಅವಳು ನಗಲಿಲ್ಲ.

ಮಳಿಗೆಯ ಲಾರಿ ಓಡಿಸುತ್ತಿದ್ದವನನ್ನು ಕರೆಸಿದಳು. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಕೈ ಮುಗಿದ. "ಅವ್ವಾರೇ, ಎಡಗಡೆ ಕುಂತು ಓಡ್ಸೋದು ನನಗೇ ದಿಕ್ಕು ತಪ್ಪುತೈತೆ. ನಿಮಗೆಂಗೆ ಬರ್ತೈತ್ರಿ?"

"ಬಲಗಡೆ ಕುಂತು ರೂಢಿ ಇದ್ದೋರಿಗೆ ತಾನೇ ಎಡಗಡೆ ತೊಡಕು? ನನಗೆ ಎರಡೂ ಗೊತ್ತಿಲ್ಲ. ಕ್ಲಚ್ ಯಾವುದು ಅಷ್ಟು ಹೇಳು, ಸಾಕು."

ಬೇಸಿಗೆಯಲ್ಲಿ ನೀರು ಇಳಿದ ಕೆರೆಯ ಅಂಚಿನಲ್ಲಿ ಕಲಿತಳು. ಆಕೆ ತೀರಾ ಗಿಡ್ಡ. ಪೆಡಲುಗಳು ಕಾಲಿಗೆ ಸಿಗುತ್ತಿರಲಿಲ್ಲ. ಊರಿನ ಬಡಗಿಯಿಂದ ಹೊನ್ನೆ ಮರದ ಮೂರು ತುಂಡು ಕೆತ್ತಿಸಿ ಪೆಡಲುಗಳ ಮೇಲೆ ಬೋಲ್ಟು ಹಾಕಿಸಿದಳು. ಬೆನ್ನಿಗೆ ಮಡಿಸಿದ ಗೋಣಿತಾಟು ಇಟ್ಟುಕೊಂಡಳು. ಇಷ್ಟಾದರೂ ಸ್ಟಿಯರಿಂಗಿನ ಮೇಲೆ ಕಾಣುತ್ತಿದ್ದುದು ತಲೆಯ ಮೇಲಿನ ಸೆರಗು ಮತ್ತು ಎರಡು ಕಣ್ಣು ಮಾತ್ರ. ಮೊದಲ ದಿನಗಳಲ್ಲಿ ದನ ಕಾಯುವವರು ರಸ್ತೆ ಬಿಟ್ಟು ಓಡುತ್ತಿದ್ದರು. ಅಮೆರಿಕ ಗಾಡಿಯೊಳಗೆ ಯಾರೂ ಇಲ್ಲ, ಅದು ತಾನೇ ಬರುತ್ತದೆ ಎಂಬ ಸುದ್ದಿ ಹಿರೇಗುಂಟನೂರಿನವರೆಗೂ ಹೋಗಿತ್ತು.

ನಾನು ಆಗ ಚಿತ್ರದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ರಜೆಯ ದಿನ ಭೀಮಸಮುದ್ರಕ್ಕೆ ಹೋಗುತ್ತಿದ್ದೆ. ಒಂದು ದಿನ ದೊಡ್ಡಮ್ಮ ನನ್ನನ್ನು ಮುಂದಿನ ಬಲಗಡೆ ಸೀಟಿನಲ್ಲಿ ಕೂರಿಸಿ, ಕಾರು ಶುರು ಮಾಡುವ ಮೊದಲು ನಿಯಮ ಹೇಳಿದಳು.

"ನೋಡೇ, ಈ ಸೀಟಿನಾಗೆ ಕುಂತೋರು ಸುಮ್ನೆ ಕುಂತ್ಕಳಂಗಿಲ್ಲ. ಲಾರಿ ಹಿಂದೆ ಸಿಕ್ಕಾಕ್ಕೊಂಡಾಗ ಎದುರಿಗೆ ನೋಡಿ ಕೂಗಬೇಕು. ಗಾಡಿ ಐತೆ ಅಂದ್ರೆ ಐತೆ ಅನ್ನು. ಇಲ್ಲ ಅಂದ್ರೆ ಇಲ್ಲ ಅನ್ನು. ಇರಬೌದು ಗಿರಬೌದು ಅಂದೀಯ, ಇಳಿಸಿ ಹೋಗ್ತೀನಿ."

ಬಾಯಿಮಾತಲ್ಲ. ದೂರದ ಸಂಬಂಧಿಕರೊಬ್ಬರು 'ಇಲ್ಲ ಅನಿಸ್ತದೆ' ಎಂದದ್ದಕ್ಕೆ ಅವರನ್ನು ನಿಜವಾಗಿಯೂ ದಾರಿಯಲ್ಲಿ ಇಳಿಸಿ, ಬಸ್ಸಿಗೆ ಬರಲು ಹೇಳಿ ಬಂದಿದ್ದಳು. ನನಗೆ ಆ ನಿಯಮ ಕಷ್ಟವಾಗಲಿಲ್ಲ. ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ವಾರ್ಡಿನಲ್ಲಿ ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಲಿತಿದ್ದೆ. ಮೇಟ್ರನ್ ಆಗಿ ನಿವೃತ್ತಳಾಗುವವರೆಗೂ ನನ್ನ ಕೈಕೆಳಗಿನ ಹುಡುಗಿಯರಿಗೆ ನಾನು ಹೇಳಿಕೊಟ್ಟಿದ್ದು ಇದನ್ನೇ. ಆದರೆ ನನಗೆ ಅದು ಪಕ್ಕಾ ಆದದ್ದು ಆಸ್ಪತ್ರೆಯಲ್ಲಲ್ಲ, ಆ ಸೀಟಿನಲ್ಲಿ.

ಮೈದುನ ಮಾತ್ರ, ಹೆಂಗಸು ಓಡಿಸುವ ಗಾಡಿ ಹತ್ತುವುದಿಲ್ಲ ಎಂದು ಮಳಿಗೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದ. ಮಗಳ ಮದುವೆ ಮಾತುಕತೆಗೆ ಹೊಸದುರ್ಗಕ್ಕೆ ಹೋಗಬೇಕಾದ ದಿನ ಬಸ್ಸು ತಪ್ಪಿತು. ಬೇರೆ ದಾರಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ನಾವು ಹೆಂಗಸರು ತುಂಬಿಕೊಂಡಿದ್ದರಿಂದ ಅವನು ಮುಂದೆ, ಬಲಗಡೆಯೇ ಕೂರಬೇಕಾಯಿತು. ಕೂತವನು ಬಾಯಿ ಬಿಡಲಿಲ್ಲ. ಸ್ವಲ್ಪ ದೂರದಲ್ಲೇ ತೆಂಗಿನಕಾಯಿ ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ದೊಡ್ಡಮ್ಮ ಅದರ ಹಿಂದೆಯೇ ಎತ್ತಿನಗಾಡಿಯ ವೇಗದಲ್ಲಿ ನಡೆಸಿದಳು. ಧೂಳು ಒಳಗೆಲ್ಲ ತುಂಬಿತು. ಮೈದುನ ಗಡಿಯಾರ ನೋಡಿಕೊಂಡ.

"ಅತ್ಗೆ, ಮುಂದಕ್ಕೆ ಹೋಗ್ರಿ. ಅವ್ರು ಕಾಯ್ತಿರ್ತಾರೆ."

"ಎದುರಿಗೆ ಏನೈತೆ ಅಂತ ನನಗೆ ಕಾಣಲ್ಲಪ್ಪ. ನೀ ಬಾಯಿ ಬಿಡಾಗಂಟ ಹಿಂಗೇ ಹೋಗಾಣ. ನನಗೇನು ಅವಸರ? ಮಗಳು ನಿಂದು."

ಹಿಂದೆ ಯಾರೋ ಕಿಸಕ್ಕೆಂದರು. ಅವನು ಮತ್ತೊಮ್ಮೆ ಗಡಿಯಾರ ನೋಡಿಕೊಂಡ. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಊರಿಗೆಲ್ಲ ಕೇಳುವಂತೆ ಕೂಗಿದ. "ಇಲ್ಲ ಅತ್ಗೆ! ಏನೇನೂ ಇಲ್ಲ! ನುಗ್ಸ್ರಿ!"

ಮದುವೆ ಕೂಡಿಬಂತು. ಅಲ್ಲಿಂದಾಚೆಗೆ ಆ ಸೀಟು ಯಾರಿಗೂ ಬಿಟ್ಟುಕೊಡದವನು ಅವನೇ. ನಾನು ಹೋದರೆ, "ನೀ ಹಿಂದೆ ಕುಂತ್ಕ, ನಿನಗೆ ದೂರದ್ದು ಕಾಣಲ್ಲ" ಎನ್ನುತ್ತಿದ್ದ.

ಆಯುಧಪೂಜೆಯ ದಿನ ಇನ್ನೊಂದು ತಕರಾರು. ಗಾಡಿಗೆ ಆರತಿಯನ್ನು ಮುತ್ತೈದೆಯರೇ ಎತ್ತಬೇಕು, ದೊಡ್ಡಮ್ಮ ದೂರ ನಿಲ್ಲಬೇಕು ಎಂದರು ಮನೆಯ ಹಿರಿಯ ಹೆಂಗಸರು. ದೊಡ್ಡಮ್ಮ ಆರತಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು. "ವರ್ಷೆಲ್ಲ ಓಡ್ಸೋಳು ನಾನು, ಪೂಜೆಗೆ ಇನ್ನೊಬ್ಳು ಯಾಕೆ?" ಎಂದವಳು ಸ್ಟಿಯರಿಂಗಿನ ನಡುವಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು, ಬೂದುಗುಂಬಳವನ್ನೂ ತಾನೇ ಎತ್ತಿ ಒಡೆದಳು. ಆ ವಿಭೂತಿ ಪೂಜೆಯ ದಿನಕ್ಕಷ್ಟೇ ನಿಲ್ಲಲಿಲ್ಲ. ಕಾರು ತೆಗೆಯುವ ಪ್ರತಿ ಬೆಳಿಗ್ಗೆಯೂ ಎಳೆದಳು. ಅಲ್ಲಿನ ಹೊಳಪು ಮಾಸಿ ಹೋಗಿದೆ, ಇವತ್ತಿಗೂ ಕಾಣುತ್ತದೆ.

ಆ ಕಾರಿನಲ್ಲಿ ಅಡಿಕೆ ಚೀಲಗಳು ಬಂದಿವೆ, ಹೆರಿಗೆಗೆ ಹೆಂಗಸರು ಬಂದಿದ್ದಾರೆ, ಮಠಕ್ಕೆ ಅಕ್ಕಿ ಹೋಗಿದೆ. ನನಗೆ ಓಡಿಸುವುದನ್ನು ಕಲಿಸಿದ್ದೂ ಅದರಲ್ಲೇ. ವಯಸ್ಸಾದ ಮೇಲೆ ಭೀಮಸಮುದ್ರದ ಮನೆಯನ್ನು ಮೈದುನನ ಮಕ್ಕಳಿಗೆ ಬಿಟ್ಟು, ಕಾರು ತೆಗೆದುಕೊಂಡು ನನ್ನ ಮನೆಗೆ ಬಂದಳು. ಬಂದವಳು ಮೊದಲು ಕೇಳಿದ್ದು, ಶೆಡ್ಡು ಎಲ್ಲಿ ಕಟ್ಟಿಸೋಣ ಎಂದು. ಅವಳು ಕೊನೆಯ ಸಲ ಓಡಿಸಿದ್ದು ಹಿರಿಯೂರಿನಿಂದ ಬರುವಾಗ... ಅರ್ಧ ದಾರಿಯಲ್ಲಿ ಪಕ್ಕಕ್ಕೆ ನಿಲ್ಲಿಸಿದಳು. ಎಂಜಿನ್ ಆರಿಸಿ, "ನೀ ಬಾ ಈ ಕಡೀಕೆ" ಎಂದಳು. ಇಬ್ಬರೂ ಇಳಿದು ಸೀಟು ಬದಲಿಸಿಕೊಂಡೆವು. ಅಲ್ಲಿಂದ ನಾನು ಓಡಿಸುವವಳು, ಅವಳು ಕೂಗುವವಳು. ದನಿ ಕೊನೆಯವರೆಗೂ ಕುಗ್ಗಲಿಲ್ಲ. ಅವಳು ಹೋದ ದಿನ ನಾನು ಕಾರು ತೆಗೆಯಲಿಲ್ಲ. ಬಲಗಡೆ ಕೂರುವವರು ಇರಲಿಲ್ಲ...

ಅದಾದ ಮೇಲೂ ಯಾರನ್ನಾದರೂ ಕೂರಿಸಿಕೊಂಡು ಓಡಿಸಿದ್ದೇನೆ. ಎರಡು ವರ್ಷದ ಹಿಂದೆ ಎಡಗಡೆಯ ಮಂಡಿಗೆ ಆಪರೇಷನ್ ಆಯಿತು. ಆ ಗಡುಸು ಕ್ಲಚ್ಚನ್ನು ರಸ್ತೆಯುದ್ದ ಒತ್ತಬೇಡಿ ಎಂದರು ಡಾಕ್ಟರು. ಡಾಕ್ಟರ ಮಾತು ಕೇಳಿ ಎಂದು ಜನ್ಮವಿಡೀ ರೋಗಿಗಳಿಗೆ ಹೇಳಿದವಳು ನಾನು, ಕೇಳಿದೆ. ನಿಂತೇ ಇರುವ ಕಾರನ್ನು ನಾನೊಬ್ಬಳೇ ಕಾಯುತ್ತ ಕೂರುವುದಕ್ಕಿಂತ, ಓಡಿಸುವವರಿಗೆ ಕೊಡುವುದು ಸರಿ ಎನಿಸಿತು. ತಮ್ಮನ ಮಗನಿಗೆ ಕೊಳ್ಳುವವರನ್ನು ಹುಡುಕಲು ಹೇಳಿದ್ದು ಅದಕ್ಕೆ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಹೊಳಲ್ಕೆರೆ ರಸ್ತೆಯಲ್ಲಿ ಬೆಂಗಳೂರಿನವರು ಚೆನ್ನಾಗಿಯೇ ಓಡಿಸಿದರು. ನಾನು ಐತೆ ಎಂದಾಗ ತಡೆದರು, ಇಲ್ಲ ಎಂದಾಗ ಮುಂದೆ ಹೋದರು. ದಾರಿಯಲ್ಲಿ ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಕೇಳಿಸಿಕೊಂಡರು, ಒಂದೆರಡು ಕಡೆ ನಕ್ಕರು. ಟೀ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ಬೆಂಚಿನ ಮೇಲೆ ಕೂತ ಮೇಲೆ ತಮ್ಮ ಕಷ್ಟ ಹೇಳಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ದೊಡ್ಡಮ್ಮನ ಮೇಲೆ ನನಗೆ ಗೌರವ ಇದೆ. ಆದರೆ ಪ್ರದರ್ಶನದಲ್ಲಿ ಇದಕ್ಕೆ ಮಾರ್ಕ್ಸ್ ಕೊಡೋರು ಇರ್ತಾರೆ. ಮರದ ತುಂಡು ನೋಡಿದ್ರೆ ಕಟ್ ಮಾಡ್ತಾರೆ. ಅಡಿಕೆ ಚೀಲ ಹೊತ್ತ ಕಾರು ಅಂತ ಬೋರ್ಡಲ್ಲಿ ಹಾಕಿದ್ರೆ ಅದರ ಬೆಲೆಯೇ ಬಿತ್ತು. ಓಡಿಸದೆ ಇಟ್ಟಿದ್ರು ಅಂದ್ರೆ ಲೆಕ್ಕವೇ ಬೇರೆ."

"ಓಡಿಸದೆ ಇಟ್ಟಿದ್ರೆ ಇದು ಯಾವತ್ತೋ ಗುಜರಿ ಸೇರ್ತಿತ್ತು," ಎಂದೆ. "ಮಾರೋಕೆ ನಿಂತೋರ ಕೈಯಿಂದ ಕಿತ್ತುಕೊಂಡು ಅವಳು ಓಡಿಸಿದ್ದಕ್ಕೇ ಉಳಿದಿದೆ. ನೀವು ಬೆಳಿಗ್ಗೆಯಿಂದ ಹೊಗಳ್ತಿರೋದು ಅವಳ ಕೆಲಸಾನೇ. ಹೆಸರು ಮಾತ್ರ ದೊಡ್ಡಪ್ಪಂದಾ?"

ತಮ್ಮನ ಮಗ ನನ್ನ ಪಕ್ಕಕ್ಕೆ ಜರುಗಿ ಮೆಲ್ಲಗೆ, "ಅತ್ತೆ, ಬೋರ್ಡ್ ಮೇಲೆ ಏನಿದ್ರೆ ನಮಗೇನ್ರಿ? ಎಲ್ಲೋ ಬೆಂಗಳೂರಾಗೆ ಇರ್ತೈತೆ. ಯಾರು ಓದ್ತಾರೆ?" ಎಂದ.

"ಯಾರೂ ಓದಲ್ಲ ಅಂದ್ರೆ ನಿಜಾನೇ ಬರೆಯೋಕೆ ನಿನಗೇನಪ್ಪ ಕಷ್ಟ?"

ನಾನು ಎದ್ದು ನಿಂತು ಎರಡು ಮಾತು ಹೇಳಿದೆ. ಮರದ ತುಂಡುಗಳು ಪೆಡಲಿನ ಮೇಲೆಯೇ ಇರಬೇಕು. ಬೋರ್ಡು ಬೆಂಗಳೂರಿನಲ್ಲಿ ಅಲ್ಲ, ಇವತ್ತೇ, ಇಲ್ಲೇ, ನನ್ನ ಕಣ್ಣೆದುರಿಗೆ ಬರೆಸಬೇಕು, ಅದು ಕಾರಿನ ಜೊತೆಗೇ ಹೋಗಬೇಕು. ಒಪ್ಪದಿದ್ದರೆ ಕಾರು ಶೆಡ್ಡಿಗೆ, ನಾನು ಮನೆಗೆ. ಟೀಯ ದುಡ್ಡು ಬೇಕಾದರೆ ನಾನೇ ಕೊಡುತ್ತೇನೆ.

ಬೆಂಗಳೂರಿನವರು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟರು. ಅವರ ಗೆಳೆಯನೇ ನಕ್ಕು, "ಒಪ್ಕೊಳಯ್ಯ, ಹೋಗ್ಲಿ. ನಿನ್ನ ಹತ್ತಿರ ಇರೋ ಕಾರುಗಳಲ್ಲಿ ಒಂದಕ್ಕಾದ್ರೂ ಹೀಗೆ ಹೇಳೋಕೆ ಕಥೆ ಇದೆಯಾ?" ಎಂದ.

"ಬೆಲೆ ಸ್ವಲ್ಪ ಇಳಿಸಬೇಕಾಗುತ್ತೆ ಮೇಡಂ."

"ಇಳಿಸಿ."

ತಮ್ಮನ ಮಗ ಹಣೆ ಹಿಡಿದುಕೊಂಡ. ನಾನು ಅತ್ತ ನೋಡಲಿಲ್ಲ.

ಊರಿಗೆ ಮರಳಿ, ನಂಬರ್ ಪ್ಲೇಟ್ ಬರೆಯುವವನ ಅಂಗಡಿಗೆ ಹೋದೆವು. ಕರಿ ಬಣ್ಣ ಬಳಿದಿಟ್ಟ ತಗಡೊಂದನ್ನು ಆರಿಸಿದೆ. ಪೇಂಟರು ಸ್ಟೂಲಿನ ಮೇಲೆ ಕೂತು, ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ, ಏನು ಬರೆಯಲಿ ಎಂದು ಕೇಳಿದ. ನಾನು ಹೇಳುತ್ತಾ ಹೋದೆ: ಈ ಕಾರನ್ನು ಭೀಮಸಮುದ್ರದಲ್ಲಿ ಓಡಿಸಲು ಕಲಿತು, ಕೈಲಾಗುವವರೆಗೂ ಓಡಿಸಿ, ಕಾಪಾಡಿದವರು... ಅಲ್ಲಿಗೆ ಬಂದಾಗ ಪೇಂಟರು ಕುಂಚ ಎತ್ತಿ ಹಿಡಿದು ಕಾದ. ಬೆಂಗಳೂರಿನವರು ತಮ್ಮನ ಮಗನ ಕಡೆ ತಿರುಗಿ, "ಅವರ ಹೆಸರೇನು?" ಎಂದರು.

ಅವಳ ಕೈತುತ್ತು ತಿಂದು ಬೆಳೆದ ಹುಡುಗ ನನ್ನ ಮುಖ ನೋಡಿದ. "ದೊಡ್ಡಜ್ಜಿ... ದೊಡ್ಡಜ್ಜಿ ಅಂತಿದ್ವಿ ಸರ್."

ಅವನಿಗೆ ಗೊತ್ತಿರಲಿಲ್ಲ. ಅವನೊಬ್ಬನದೇ ತಪ್ಪಲ್ಲ. ಮೈದುನನಿಗೆ ಅತ್ತಿಗೆ, ಮಳಿಗೆಯವರಿಗೆ ಅವ್ವಾರು, ರಸ್ತೆಯಲ್ಲಿ ಕಂಡವರಿಗೆ ಅಮೆರಿಕ ಗಾಡಿ ಅವ್ವ. ದೊಡ್ಡಪ್ಪನಂತೂ 'ಇವಳೇ' ಎಂದೇ ಕರೆದು ಮುಗಿಸಿದರು. ಹಿರಿಯರ ಹೆಸರು ಹಿಡಿಯಬಾರದು ಎಂಬುದು ನಮ್ಮಲ್ಲಿ ಮರ್ಯಾದೆ. ನಾನೂ ಎಪ್ಪತ್ತು ದಾಟುವವರೆಗೆ ಒಂದು ಸಲವೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆ ಮರ್ಯಾದೆಯನ್ನು ಇನ್ನು ಸ್ವಲ್ಪ ಕಾಲ ನಡೆಸಿದ್ದರೆ ಅವಳು ಇದ್ದದ್ದೇ ಸುಳ್ಳಾಗುತ್ತಿತ್ತು.

ಹೇಳಿದೆ. ರಸ್ತೆಯ ಗದ್ದಲಕ್ಕೆ ಪೇಂಟರಿಗೆ ಕೇಳಿಸಲಿಲ್ಲ. "ಇನ್ನೊಂದ್ಸಲ ಹೇಳ್ರಮ್ಮ" ಎಂದ. ವಾರ್ಡಿನ ಆ ತುದಿಗೆ ಕೇಳಿಸುವ ನನ್ನ ಹಳೆಯ ದನಿಯಲ್ಲಿ ಹೇಳಿದೆ. ಪಕ್ಕದ ಪಂಕ್ಚರ್ ಅಂಗಡಿಯವರೂ ತಿರುಗಿ ನೋಡಿದರು. ನೋಡಲಿ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇಕಾದವರು ಎದ್ದು ಹೋಗಿ, ಕಾರಿನ ಮುಂದೆ ನಿಂತು, ತಲೆಯೆತ್ತಿ ಓದಿಕೊಳ್ಳಲಿ.

ಬಿಸಿಲಿಗಿಟ್ಟ ಬೋರ್ಡು ಒಣಗಿತೇ ಎಂದು ಹೆಸರಿನ ಕೊನೆಯ ಅಕ್ಷರವನ್ನು ಮುಟ್ಟಿ ನೋಡಿದೆ. ಒಣಗಿರಲಿಲ್ಲ. "ಏನಮ್ಮ ನೀವು, ಸಣ್ಣ ಮಕ್ಕಳಂಗೆ!" ಎಂದು ಬೈದು ಪೇಂಟರು ಆ ಅಕ್ಷರವನ್ನು ಮತ್ತೆ ತಿದ್ದಿದ. ಮಧ್ಯಾಹ್ನ ಬೋರ್ಡನ್ನು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿದರು. ಗೆಳೆಯನನ್ನು ಬಲಗಡೆ ಕೂರಿಸಿ ಅವನ ಕೆಲಸವನ್ನು ಹೇಳಿಕೊಟ್ಟೆ, ಎರಡು ಸಲ ಅವನ ಬಾಯಿಂದಲೇ ಒಪ್ಪಿಸಿಕೊಂಡೆ. ಹಸಿರು ಕಾರು ಹಿರಿಯೂರಿನ ಹೆದ್ದಾರಿ ಕಡೆಗೆ ತಿರುಗಿ ಮರೆಯಾಯಿತು.

"ಬೇಜಾರಾಯ್ತಾ ಅತ್ತೆ?" ಎಂದ ತಮ್ಮನ ಮಗ.

"ಆಯ್ತು. ನಡಿ."

ಮನೆಗೆ ಬಂದು ಊಟ ಮುಗಿಸಿದೆವು. ಶೆಡ್ಡು ಗುಡಿಸಿದೆ, ಹೊದಿಕೆ ಒಗೆದು ಹಾಕಿದೆ. ಅವಳು ಹೋದ ದಿನ ಕಾರಾದರೂ ಶೆಡ್ಡಿನಲ್ಲಿತ್ತು. ಇನ್ನು ಭಾನುವಾರ ಏಳು ಗಂಟೆಗೆ ನನಗೆ ಮಾಡಲು ಕೆಲಸವಿಲ್ಲ. ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಕೂತು, ಬೆರಳಿಗೆ ಅಂಟಿದ್ದ ಬಿಳಿ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಉಗುರ ಸಂದಿಯವರೆಗೂ ತಿಕ್ಕಿ ತೊಳೆದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.